ಸ್ಟೇಜ್ ಲೈಟ್ ಹಾಕಿದ್ರೆ ಗುಂಯ್ ಅನ್ನುತ್ತೆ, ಹಿಂದಿನ ಸಾಲಿಗೆ ಮಾತು ಎರಡೆರಡು ಸಲ ಕೇಳುತ್ತೆ. ಶನಿವಾರ ಉದ್ಘಾಟನೆ, ದಾರಿ ತೋರಿಸಿ

ರ್‍ಯಾಕ್_ರಾತ್ರಿಪಾಳಿ · ಬುಧವಾರ ರಾತ್ರಿ 10:12

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನವನು, ಆಡಿಯೊ ವಿಡಿಯೊ ಇನ್‌ಸ್ಟಲೇಶನ್ ಕೆಲಸ. ಮಂಡ್ಯ ಹತ್ತಿರ ಒಂದು ಕಾಲೇಜಿನ ಸಭಾಂಗಣ ಕಮಿಷನ್ ಮಾಡ್ತಾ ಇದ್ದೀನಿ (ಎಲ್ಲ ಜೋಡಿಸಿ, ಪರೀಕ್ಷೆ ಮಾಡಿ ಒಪ್ಪಿಸೋ ಕೆಲಸ). ಕಾಲೇಜಿನ ಹೆಸರು ಬೇಡ, ಬಿಲ್ ಇನ್ನೂ ಬಾಕಿ ಇದೆ.

ಹಾಲ್ 30 ಮೀಟರ್ ಉದ್ದ, 18 ಅಗಲ, 7 ಎತ್ತರ. ಗ್ರಾನೈಟ್ ನೆಲ, 500 ಪ್ಲಾಸ್ಟಿಕ್ ಕುರ್ಚಿ. ಸ್ಟೇಜ್ ಪಕ್ಕ ಎರಡು ಮೇನ್ ಸ್ಪೀಕರ್, ಅಲ್ಲಿಂದ 21 ಮೀಟರ್ ಹಿಂದಕ್ಕೆ ಎರಡು ಡಿಲೇ ಸ್ಪೀಕರ್ (ಹಿಂದಿನ ಸಾಲಿಗೆ, ಸ್ವಲ್ಪ ತಡವಾಗಿ ಮಾತಾಡೋವು). ರ್‍ಯಾಕ್ (ಮಿಕ್ಸರ್, ಆಂಪ್ಲಿ ಎಲ್ಲ ಇರೋ ಬೀರು) ಹಿಂದಿನ ಕಂಟ್ರೋಲ್ ರೂಮಲ್ಲಿ ಯುಪಿಎಸ್ ಮೇಲೆ. ಪೋಡಿಯಂನಿಂದ ಲ್ಯಾಪ್‌ಟಾಪಿನ ಆಡಿಯೊ ನೇರ ಮಿಕ್ಸರ್‌ಗೆ, ವಿಡಿಯೊ ಎಚ್‌ಡಿಬೇಸ್‌ಟಿಯಲ್ಲಿ (ನೆಟ್‌ವರ್ಕ್ ಕೇಬಲ್ಲಲ್ಲಿ ವಿಡಿಯೊ ಕಳಿಸೋ ವಿಧಾನ) ಪ್ರೊಜೆಕ್ಟರ್‌ಗೆ.

ತೊಂದರೆ ಎರಡು.

ಒಂದು, ಲ್ಯಾಪ್‌ಟಾಪ್‌ಗೆ ಚಾರ್ಜರ್ ಹಾಕಿದ ತಕ್ಷಣ ಸ್ಪೀಕರ್‌ನಲ್ಲಿ ಗುಂಯ್ ಸದ್ದು. ಸ್ಟೇಜ್ ಲೈಟ್ ಆನ್ ಮಾಡಿದ್ರೆ ಅದೇ ಸದ್ದು ಮೂರು ಪಟ್ಟು. ಚಾರ್ಜರ್ ತೆಗೆದ್ರೆ ಶಾಂತಂ ಪಾಪಂ.

ಎರಡು, ಕೊನೆಯ ಆರು ಸಾಲಲ್ಲಿ ಕೂತ್ರೆ ಪ್ರತಿ ಮಾತೂ ಎರಡು ಸಲ. ಪ್ರಿನ್ಸಿಪಾಲರು ಅಲ್ಲೇ ಕೂತು ಕೇಳಿ, "ನೀವು ಹಾಕಿರೋದು ಸ್ಪೀಕರ್ರೋ ಗಿಳಿಯೋ?" ಅಂದ್ರು. ಹ್ಯಾಂಡೋವರ್ ಕಾಗದಕ್ಕೆ ಸಹಿ ಇಲ್ಲ.

ಶನಿವಾರ ಬೆಳಿಗ್ಗೆ 11ಕ್ಕೆ ಮಂತ್ರಿಗಳು ಬರ್ತಾರಂತೆ. ನಾಳೆ, ನಾಡಿದ್ದು ಎರಡೇ ದಿನ ಇರೋದು.

ಹಿಂದಿನ_ಬೆಂಚು · 10:19

ಪ್ರಿನ್ಸಿಪಾಲರ ಡೈಲಾಗ್ ಚೆನ್ನಾಗಿದೆ 😂

ಶಾರ್ಟ್‌ಕಟ್_ಸೀನ · 10:24

ಚಾರ್ಜರ್ ಪ್ಲಗ್ಗಿನ ದಪ್ಪ ಪಿನ್ ಇದೆಯಲ್ಲ, ಅರ್ತ್ ಪಿನ್ನು, ಅದನ್ನ ಕತ್ತರಿಸಿ ಹಾಕಿ. ಎರಡು ನಿಮಿಷದ ಕೆಲಸ. ನಾನು ಎಷ್ಟೋ ಛತ್ರಗಳಲ್ಲಿ ಮಾಡಿದ್ದೀನಿ, ಸದ್ದು ಖಲಾಸ್.

ಮಂಡ್ಯ_ಮೈಕ್‌ಸೆಟ್ · 10:31

ಏಯ್ ಸೀನ, ನಿಂಗೇನ್ ಮಾನ ಮರ್ವಾದಿ ಐತಾ? ಅರ್ತ್ ಪಿನ್ ಕತ್ತರ್ಸು ಅಂತ ನಾಕ್ ಜನದ ಮುಂದೆ ಯೋಳ್ತಿಯಲ್ಲ. 30 ವರ್ಸದಿಂದ ಮೈಕ್‌ಸೆಟ್ ಕಟ್ತಾ ಇವ್ನಿ ಕನಪ್ಪಾ. ಊರಬ್ಬದಲ್ಲಿ ಅರಿಕತೆ ದಾಸರು ಒದ್ದೆ ಕೈಯಲ್ಲಿ ಮೈಕ್ ಇಡ್ಕಂಡು ಆರಡಿ ಹಿಂದಕ್ಕೆ ಬಿದ್ದಿದ್ ನೋಡಿವ್ನಿ. ಅವತ್ತೂವೆ ಅರ್ತ್ ಕತ್ತರ್ಸಿದ್ ನಿನ್ನಂತೋನೇಯ. ದಾಸರು ಬದುಕುದ್ರು, ಪುಣ್ಯ.

ಗುಂಯ್ ಅಂದ್ರೆ ಜನ ಬೈತಾರೆ, ಅಷ್ಟೇಯ. ಶಾಕ್ ಒಡುದ್ರೆ ಜೈಲಿಗೋಗ್ಬೇಕು.

ನೀಲಾ_ಸಿಗ್ನಲ್ · 10:40

ಮೈಕ್‌ಸೆಟ್ ಅಣ್ಣ ಹೇಳಿದ್ದಕ್ಕೆ ನೂರು ಮಾರ್ಕ್ಸ್. ಕರೆಂಟಿನ ಅರ್ತ್ ಯಾವತ್ತೂ ಬಿಚ್ಚಬಾರದು. ಬಿಚ್ಚೋದಿದ್ರೆ ಸಿಗ್ನಲ್ ಕಡೆ ಬಿಚ್ಚಬೇಕು. ಆಡಿಯೊ ಲೈನಿಗೆ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಿ, ಇಲ್ಲ ಡಿಐ ಬಾಕ್ಸ್‌ನಲ್ಲಿ (ಲ್ಯಾಪ್‌ಟಾಪಿಗೂ ಮಿಕ್ಸರ್‌ಗೂ ನಡುವೆ ಹಾಕೋ ಡಬ್ಬಿ) ಅರ್ತ್ ಕೊಂಡಿ ಬಿಡಿಸೋ ಗ್ರೌಂಡ್ ಲಿಫ್ಟ್ ಬಟನ್ ಒತ್ತಿ.

ಮೂಲ ಪೋಸ್ಟ್‌ನವರಿಗೆ: ಇದು ನೋಡಿದ್ರೆ ಗ್ರೌಂಡ್ ಲೂಪ್. ಪೋಡಿಯಂ ಸಾಕೆಟ್ ಒಂದು ಅರ್ತ್‌ನಲ್ಲಿದೆ, ನಿಮ್ಮ ರ್‍ಯಾಕ್ ಇನ್ನೊಂದರಲ್ಲಿದೆ. ಚಾರ್ಜರ್ ಹಾಕಿದಾಗ ಆಡಿಯೊ ಕೇಬಲ್ಲಿನ ಶೀಲ್ಡ್ (ಒಳವಯರ್ ಸುತ್ತ ಇರೋ ಲೋಹದ ಹೊದಿಕೆ) ಎರಡನ್ನೂ ಸೇರಿಸುತ್ತೆ, ಎರಡರ ನಡುವಿನ ವೋಲ್ಟೇಜಿಂದ ಶೀಲ್ಡ್ ಮೇಲೆ ಕರೆಂಟ್ ಹರಿಯುತ್ತೆ. ಎಚ್‌ಡಿಬೇಸ್‌ಟಿಗೆ ಶೀಲ್ಡ್ ಇರೋ ಕೇಬಲ್ ಹಾಕಿದ್ರೆ ಅದೂ ಒಂದು ಸೇತುವೆಯೇ. ಮಲ್ಟಿಮೀಟರ್ ಎಸಿ ವೋಲ್ಟ್‌ಗೆ ಇಟ್ಟು, ಉದ್ದದ ವಯರ್ ಎಳೆದು, ರ್‍ಯಾಕ್ ಬಾಡಿ ಮತ್ತು ಪೋಡಿಯಂ ಸಾಕೆಟ್ಟಿನ ಅರ್ತ್ ನಡುವೆ ಎಷ್ಟಿದೆ ನೋಡಿ. ಸ್ಟೇಜ್ ಲೈಟ್ ಆಫ್ ಇದ್ದಾಗ ಒಂದು ಸಲ, ಆನ್ ಇದ್ದಾಗ ಒಂದು ಸಲ.

ಸದ್ದು ಹೇಗಿದೆ ಅಂತಾನೂ ಗಮನಿಸಿ. ತಂಬೂರಿ ಥರ ತಗ್ಗಿನ ಗುಂಯ್ ಆದ್ರೆ 50 ಹರ್ಟ್ಸ್. ಜೀರುಂಡೆ ಥರ ಝರ್ರ್ ಅಂದ್ರೆ 100 ಹರ್ಟ್ಸ್ ಮತ್ತು ಅದರ ಮೇಲಿನವು, ಡಿಮ್ಮರ್ ಅಥವಾ ಪವರ್ ಸಪ್ಲೈ ಕಡೆಯಿಂದ ಬರೋದು.

ಶಾರ್ಟ್‌ಕಟ್_ಸೀನ · 10:44

ಆಯ್ತು ಮೇಡಂ, ಆಯ್ತಣ್ಣ. ಹೇಳಿದ್ದೇ ತಪ್ಪಾಯ್ತು. ಆದ್ರೆ ಕೆಲಸ ಆಗುತ್ತಲ್ಲ?

ಮಂಡ್ಯ_ಮೈಕ್‌ಸೆಟ್ · 10:45

ಕೆಲ್ಸ ಆಯ್ತದೆ. ತಿತಿನೂ ಆಯ್ತದೆ.

ವಯರ್‌ಮನ್_ಮಳವಳ್ಳಿ · 11:02

ನಾನು ಎಲೆಕ್ಟ್ರಿಕಲ್ ಕಡೆಯವನು, ಆಡಿಯೊ ಅಷ್ಟಾಗಿ ಗೊತ್ತಿಲ್ಲ. ಆದ್ರೆ "ಸ್ಟೇಜ್ ಲೈಟ್ ಹಾಕಿದ್ರೆ ಮೂರು ಪಟ್ಟು" ಅಂದಿದ್ದಾರಲ್ಲ, ಅಲ್ಲೇ ನನಗೆ ಅನುಮಾನ. ಬರೀ ಎರಡು ಅರ್ತ್ ಪಿಟ್ ಇದ್ದ ಮಾತ್ರಕ್ಕೆ ಲೋಡ್ ಹಾಕಿದಾಗ ಅಷ್ಟು ಏರಬಾರದು. ಸರಿಯಾಗಿ ಕಟ್ಟಿದ ಕಡೆ ಅರ್ತ್ ವಯರ್‌ನಲ್ಲಿ ಲೋಡ್ ಕರೆಂಟ್ ಹರಿಯೋದೇ ಇಲ್ಲ. ಏರ್ತಾ ಇದೆ ಅಂದ್ರೆ ಸ್ಟೇಜಿನ ಡಿಬಿಯಲ್ಲಿ (ಕರೆಂಟ್ ಹಂಚೋ ಪೆಟ್ಟಿಗೆ) ಯಾರೋ ನ್ಯೂಟ್ರಲ್ಲನ್ನೂ ಅರ್ತನ್ನೂ ಜಂಪರ್ ಹಾಕಿ ಸೇರಿಸಿರಬಹುದು. ಆಗ ಲೈಟಿನ ವಾಪಸ್ ಕರೆಂಟಲ್ಲಿ ಒಂದು ಪಾಲು ಅರ್ತ್ ಹಿಡಿದು ಹೋಗುತ್ತೆ.

ಯಾಕೆ ಹಾಗೆ ಮಾಡ್ತಾರೆ ಅಂದ್ರೆ, ನ್ಯೂಟ್ರಲ್ ಲೂಸ್ ಆಗಿರುತ್ತೆ, ಹುಡುಕೋಕೆ ಸೋಮಾರಿತನ, ಅರ್ತಿಗೆ ಒಂದು ತುಂಡು ವಯರ್ ಚುಚ್ಚಿದ್ರೆ ಲೈಟ್ ಉರಿಯುತ್ತೆ. ಹಾಗೆ ಸೇರಿಸಿದ ಮೇಲೆ ಆರ್‌ಸಿಸಿಬಿ (ಕರೆಂಟ್ ಅರ್ತಿಗೆ ಸೋರಿದ್ರೆ ತಾನೇ ಆಫ್ ಆಗೋ ಸ್ವಿಚ್) ಇದ್ರೆ ಪದೇ ಪದೇ ಬೀಳುತ್ತೆ, ಆಗ ಅದನ್ನೂ ಬೈಪಾಸ್ ಮಾಡಿಬಿಡ್ತಾರೆ. ಡಿಬಿ ಮುಚ್ಚಳ ತೆಗೆದು ನೋಡಿ. ಮೇನ್ ಆಫ್ ಮಾಡಿಸಿ ಆಮೇಲೆ ಕೈ ಹಾಕಿ, ಒಬ್ಬರೇ ಹೋಗಬೇಡಿ, ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್‌ನ ಕರ್ಕೊಂಡು ಹೋಗಿ.

ಲೂಸ್ ನ್ಯೂಟ್ರಲ್ ಅಂದ್ರೆ ತಮಾಷೆ ಅಲ್ಲ. ಮೂರು ಫೇಸ್ ಲೈನಿನಲ್ಲಿ ನ್ಯೂಟ್ರಲ್ ಕಳಚಿದ್ರೆ 230 ಇರಬೇಕಾದ ಕಡೆ 400ರ ಹತ್ತಿರ ಬರಬಹುದು. ಒಂದು ಮದುವೆಯಲ್ಲಿ ಜನರೇಟರ್ ಬದಲಾಯಿಸೋವಾಗ ಹೀಗಾಗಿ ಎರಡು ಆಂಪ್ಲಿ, ಒಂದು ಮಿಕ್ಸರ್, ವಿಡಿಯೊದವರ ಚಾರ್ಜರ್‌ಗಳು, ಐಸ್‌ಕ್ರೀಂ ಫ್ರೀಜರ್ ಎಲ್ಲ ಒಟ್ಟಿಗೆ ಹೋದ್ವು. ಐಸ್‌ಕ್ರೀಂ ಮಾತ್ರ ಹಂಚಿ ಮುಗಿಸಿದ್ರು.

ಹಿಂದಿನ_ಬೆಂಚು · 11:06

ಐಸ್‌ಕ್ರೀಂ ಬಚಾವ್ ಆಯ್ತಲ್ಲ, ಸಾಕು.

ಡಿಬಿ_ಮೀಟರ್_ಕುವೆಂಪುನಗರ · 11:15

ಎರಡನೇ ತೊಂದರೆ ಬಗ್ಗೆ ಯಾರೂ ಮಾತಾಡಿಲ್ಲ. ಡಿಲೇ ಎಷ್ಟು ಹಾಕಿದ್ದೀರಿ?

ರ್‍ಯಾಕ್_ರಾತ್ರಿಪಾಳಿ · 11:18

ಟೇಪ್ ಹಿಡಿದು ಅಳೆದೆ ಸಾರ್, ಸರಿಯಾಗಿ 21. ಡಿಎಸ್‌ಪಿಯಲ್ಲಿ (ಸದ್ದು ಹೊಂದಿಸೋ ಡಿಜಿಟಲ್ ಯಂತ್ರ) ದೂರ ಹಾಕಿದ್ರೆ ಅದೇ ಲೆಕ್ಕ ಮಾಡ್ಕೊಳ್ಳುತ್ತೆ, 21 ಅಂತ ಹಾಕಿದೆ. ಹಾಲಲ್ಲೇ ಪ್ರತಿಧ್ವನಿ ಅನ್ಸುತ್ತೆ. ಚಪ್ಪಾಳೆ ತಟ್ಟಿದ್ರೆ ಮೂರು ಸೆಕೆಂಡ್ ಉಳಿಯುತ್ತೆ. ಗೋಡೆಗೆ ಪ್ಯಾನಲ್ ಹಾಕಿಸಿ ಅಂತ ಕಾಲೇಜಿಗೆ ಬರೆದು ಕೊಟ್ಟಿದ್ದೀನಿ, ದುಡ್ಡಿಲ್ಲ ಅಂದ್ರು.

ಡಿಬಿ_ಮೀಟರ್_ಕುವೆಂಪುನಗರ · 11:33

ಪ್ರತಿಧ್ವನಿ ಬೇರೆ, ಅನುರಣನ ಬೇರೆ. ಮೂರು ಸೆಕೆಂಡ್ ಉಳಿಯೋದು ಅನುರಣನ, ಅದು ಮಾತನ್ನ ಕಲಸಿದ ಮುದ್ದೆ ಥರ ಮಾಡುತ್ತೆ. ಮಾತು ಬಿಡಿಬಿಡಿಯಾಗಿ ಎರಡು ಸಲ ಕೇಳಿದ್ರೆ ಅದು ನಿಮ್ಮ ಎರಡು ಸ್ಪೀಕರ್ ಹೊಂದಾಣಿಕೆ ಇಲ್ಲದ್ದು.

ಮಂಡ್ಯದ ಸೆಖೆಯಲ್ಲಿ, 30 ಡಿಗ್ರಿ ಅಂದ್ಕೊಳ್ಳಿ, ಶಬ್ದ ಸೆಕೆಂಡಿಗೆ ಸುಮಾರು 349 ಮೀಟರ್ ಹೋಗುತ್ತೆ. 21 ಮೀಟರ್ ದಾಟೋಕೆ 60 ಮಿಲಿಸೆಕೆಂಡ್. ಹಿಂದಿನ ಸ್ಪೀಕರ್ ಅಷ್ಟು ತಡವಾಗಿ, ಬೇಕಾದ್ರೆ ಮೇಲೆ ಇನ್ನೊಂದು 10-15 ಸೇರಿಸಿ ಮಾತಾಡಬೇಕು. ಆಗ ಮುಂದಿನ ಸ್ಪೀಕರ್‌ನ ಮಾತು ಮೊದಲು ಕಿವಿಗೆ ಬೀಳುತ್ತೆ, ಸದ್ದು ಸ್ಟೇಜಿನಿಂದಲೇ ಬಂತು ಅಂತ ಮನಸ್ಸು ನಂಬುತ್ತೆ. 1949ರಲ್ಲಿ ಹೆಲ್ಮುಟ್ ಹಾಸ್ ತನ್ನ ಪ್ರಬಂಧದಲ್ಲಿ ತೋರಿಸಿದ್ದು ಇದನ್ನೇ.

ಡಿಎಸ್‌ಪಿ ಪರದೆಯಲ್ಲಿ 21ರ ಪಕ್ಕ ಏನು ಬರೆದಿದೆ ಓದಿ ಹೇಳಿ. ಮೀಟರ್ರೋ, ಅಡಿಯೋ?

ರ್‍ಯಾಕ್_ರಾತ್ರಿಪಾಳಿ · 11:35

ಈಗ ಮನೇಲಿದ್ದೀನಿ. ಫೈಲ್ ತೆಗೆದು ನೋಡ್ತೀನಿ.

ರ್‍ಯಾಕ್_ರಾತ್ರಿಪಾಳಿ · 11:41

ಅಡಿ.

ನೀಲಾ_ಸಿಗ್ನಲ್ · 11:42

😭

ಡಿಬಿ_ಮೀಟರ್_ಕುವೆಂಪುನಗರ · 11:46

21 ಅಡಿ ಅಂದ್ರೆ 6.4 ಮೀಟರ್, ಬರೀ 18 ಮಿಲಿಸೆಕೆಂಡ್. ಹಿಂದಿನ ಸ್ಪೀಕರ್ 42 ಮಿಲಿಸೆಕೆಂಡ್ ಮುಂಚೆ ಮಾತಾಡ್ತಾ ಇದೆ. ಮುಂದಿನದು ಆಮೇಲೆ ಬಂದು ಅದನ್ನೇ ಇನ್ನೊಂದು ಸಲ ಹೇಳುತ್ತೆ. ಪ್ರಿನ್ಸಿಪಾಲರ ಗಿಳಿ ಸಿಕ್ಕಿತು. ನಾಚ್ಕೋಬೇಡಿ, ಈ ತಪ್ಪು ಮಾಡದೇ ಇರೋರು ಈ ಕೆಲಸದಲ್ಲಿ ಇಲ್ಲ. ನಾನು ಒಂದು ಕಡೆ ಡಿಲೇನ ಸ್ಟೇಜಿನ ಸ್ಪೀಕರ್‌ಗೆ ಹಾಕಿ, ಹಿಂದಿನದನ್ನ ಸೊನ್ನೆ ಬಿಟ್ಟು, ಮೂರು ಗಂಟೆ ಕೇಬಲ್ ಬದಲಾಯಿಸಿದ್ದೀನಿ.

ಮಂಡ್ಯ_ಮೈಕ್‌ಸೆಟ್ · 11:58

ಇಷ್ಟೆಲ್ಲ ಲೆಕ್ಕ ಯಾಕ್ರಪ್ಪ? ನಾವು ಹಾರ್ನ್ ಕಟ್ಟುವಾಗ ಒಬ್ಬ ಹುಡುಗ್ನ ಇಂದುಗಡೆ ನಿಲ್ಲುಸ್ತಿದ್ದೋ. "ಹಲೋ ಮೈಕ್ ಟೆಸ್ಟಿಂಗ್ ವನ್ ಟೂ ತ್ರೀ" ಅಂತಿದ್ದೋ. ಅವ್ನು ಕೈ ಎತ್ತುದ್ರೆ ಸರಿ ಅಂತ. ಕಿವಿಗಿಂತ ದೊಡ್ ಮೀಟ್ರು ಯಾವ್ದೈತೆ?

ನೀಲಾ_ಸಿಗ್ನಲ್ · ಗುರುವಾರ ಬೆಳಿಗ್ಗೆ 7:20

ಅಣ್ಣ, ಕಿವಿ ಬೇಕೇ ಬೇಕು, ಇಲ್ಲ ಅಂದೋರು ಯಾರು? ಆದ್ರೆ ಆ ಹುಡುಗ ಕೈ ಎತ್ತಿದ್ದು ಸದ್ದು ಕೇಳಿಸ್ತು ಅಂತ. ಮಾತು ಅರ್ಥ ಆಯ್ತು ಅಂತ ಅಲ್ಲ. "ವನ್ ಟೂ ತ್ರೀ" ಎಲ್ಲರಿಗೂ ಬಾಯಿಪಾಠ, ಅರ್ಧ ಕೇಳಿಸಿದ್ರೂ ಮಿಕ್ಕಿದ್ದನ್ನ ತಲೆ ತುಂಬಿಸ್ಕೊಳ್ಳುತ್ತೆ. ಹಿಂದಿನ ಸಾಲಲ್ಲಿ ಇಬ್ಬರನ್ನ ಕೂರಿಸಿ, ಪೇಪರಿನ ಯಾವುದೋ ಮೂಲೆಯ ಸುದ್ದಿ ಓದಿ, ಕೇಳಿದ್ದನ್ನ ಬರೀರಿ ಅನ್ನಿ. ಅಲ್ಲಿ ಗೊತ್ತಾಗುತ್ತೆ.

ಮೀಟರ್‌ನಲ್ಲಿ ಇದನ್ನೇ ಅಳೆಯೋದು ಎಸ್‌ಟಿಐ ಅಂತ, ಸೊನ್ನೆಯಿಂದ ಒಂದರವರೆಗೆ. ಮಾತು ನಡೆಯೋ ಹಾಲಲ್ಲಿ ನಾನು 0.5ಕ್ಕಿಂತ ಕೆಳಗೆ ಇದ್ರೆ ಹ್ಯಾಂಡೋವರ್ ಮಾಡಲ್ಲ. ಕಮಿಷನಿಂಗ್ ಪರಿಶೀಲನೆಗೇ ಒಂದು ಸ್ಟ್ಯಾಂಡರ್ಡ್ ಇದೆ, 2013ರದ್ದು, ಅದರಲ್ಲಿ 160 ಅಂಶ. ಎಲ್ಲ ನಮ್ಮ ಕೆಲಸಕ್ಕೆ ಬೇಕಾಗಲ್ಲ, ಆದ್ರೆ ಒಂದು ಪಟ್ಟಿ ಕೈಯಲ್ಲಿದ್ರೆ "ಅಡಿಯೋ ಮೀಟರ್ರೋ" ಅಂತ ಒಂದು ಸಲ ನೋಡೇ ನೋಡ್ತೀವಿ.

ಮಂಡ್ಯ_ಮೈಕ್‌ಸೆಟ್ · 7:48

ಪೇಪರ್ ಓದ್ಸದು ಚೆಂದಾಗೈತೆ. ಅದ್ನ ಒಪ್ಕೊತೀನಿ.

ಕ್ಲೈಂಟ್_ಕಡೆಯವಳು · 8:30

ನಾನು ಬೇರೊಂದು ಕಾಲೇಜಿನಲ್ಲಿ ಲೆಕ್ಚರರ್, ನಮ್ಮ ಹಾಲಿನ ಜವಾಬ್ದಾರಿ ನನ್ನ ತಲೆಗೆ ಕಟ್ಟಿದ್ದಾರೆ. ನೀವೆಲ್ಲ ನಿಮ್ಮ ಕಡೆಯದನ್ನೇ ಹೇಳ್ತೀರಿ, ನಮ್ಮ ಕಡೆ ಕೇಳಿ. ನಮ್ಮಲ್ಲಿ ಕೆಲಸ ಮಾಡಿದವರು ಸಹಿ ಹಾಕಿಸ್ಕೊಂಡು ಹೋದ್ರು. ಟಚ್ ಪ್ಯಾನಲ್ ಪಾಸ್‌ವರ್ಡ್ ಕೊಟ್ಟಿಲ್ಲ. ರ್‍ಯಾಕ್ ಬೀಗದ ಕೈ ಅವರ ಹುಡುಗನ ಜೇಬಲ್ಲೇ ಮೈಸೂರಿಗೆ ಹೋಯ್ತು. ಒಂದು ಕೇಬಲ್ ಮೇಲೂ ಹೆಸರಿಲ್ಲ. ಈಗ ಅಟೆಂಡರ್ ಶಿವಣ್ಣನೇ ನಮ್ಮ ಸಿಸ್ಟಂ ಇಂಜಿನಿಯರ್: ಎಲ್ಲ ಆಫ್ ಮಾಡ್ತಾನೆ, ಹತ್ತು ಎಣಿಸ್ತಾನೆ, ಆನ್ ಮಾಡ್ತಾನೆ.

ಆ ಪ್ರಿನ್ಸಿಪಾಲರು ಸಹಿ ಹಾಕದೇ ಇದ್ದದ್ದು ಸರಿಯಾಗೇ ಇದೆ ಅಂತೀನಿ.

ರ್‍ಯಾಕ್_ರಾತ್ರಿಪಾಳಿ · 8:41

ಮೇಡಂ, ಒಪ್ಪಿದೆ. ಕೇಬಲ್ ಲೇಬಲ್ ಎಲ್ಲ ಎರಡೂ ತುದಿಗೆ ಹಾಕಿದ್ದೀನಿ. ಪಾಸ್‌ವರ್ಡ್, ಡಿಎಸ್‌ಪಿ ಫೈಲಿನ ಕಾಪಿ, ಲೈನ್ ಡ್ರಾಯಿಂಗ್ ಪೆನ್‌ಡ್ರೈವ್‌ನಲ್ಲಿ ಕೊಡ್ತೀನಿ. ಬೀಗದ ಕೈ ವಿಷಯ... ನೋಡ್ತೀನಿ, ನನ್ನ ಬ್ಯಾಗಲ್ಲೇ ಇದೆ ಅನ್ಸುತ್ತೆ.

ಹಿಂದಿನ_ಬೆಂಚು · 8:43

ಅಷ್ಟರಲ್ಲಿ ಬೀಗದ ಕೈ ಎಕ್ಸ್‌ಪ್ರೆಸ್‌ವೇ ಹತ್ತಿತ್ತು.

ಹಂಡ್ರೆಡ್‌_ವೋಲ್ಟ್ · 9:05

ಕಾರಿಡಾರ್‌ನಲ್ಲಿ ಸೀಲಿಂಗ್ ಸ್ಪೀಕರ್ ಇದ್ರೆ ಅದನ್ನೂ ಬಿಡಬೇಡಿ. 100 ವೋಲ್ಟ್ ಲೈನ್ (ಒಂದೇ ಲೈನಿಗೆ ಹಲವು ಸ್ಪೀಕರ್, ಒಂದೊಂದಕ್ಕೂ ಪುಟ್ಟ ಟ್ರಾನ್ಸ್‌ಫಾರ್ಮರ್) ಆದ್ರೆ ಆಂಪ್ಲಿಗೆ ಹಾಕೋ ಮುಂಚೆ ಇಂಪೀಡೆನ್ಸ್ ಮೀಟರ್ ಹಿಡಿಯಿರಿ. 24 ಸ್ಪೀಕರ್ ತಲಾ 6 ವ್ಯಾಟ್ ಅಂದ್ರೆ 144 ವ್ಯಾಟ್, ಲೈನ್ ಸುಮಾರು 69 ಓಮ್ ತೋರಿಸಬೇಕು. ಸಾಮಾನ್ಯ ಮಲ್ಟಿಮೀಟರ್ ನಂಬಬೇಡಿ, ಅದು ಟ್ರಾನ್ಸ್‌ಫಾರ್ಮರ್ ಸುರುಳಿಯ ಡಿಸಿ ರೆಸಿಸ್ಟೆನ್ಸ್ ತೋರಿಸುತ್ತೆ, ಕಡಿಮೆ ಬರುತ್ತೆ.

ಶ್ರೀರಂಗಪಟ್ಟಣದ ಕಡೆ ಒಂದು ಸೈಟಲ್ಲಿ ಆಂಪ್ಲಿ ಆನ್ ಮಾಡಿದ್ರೆ ಪ್ರೊಟೆಕ್ಟ್‌ಗೆ ಹೋಗ್ತಿತ್ತು. ಒಂದೊಂದೇ ಬಿಚ್ಚಿ ನೋಡಿದ್ರೆ, ಹುಡುಗ ಒಂದೇ ಒಂದು ಸ್ಪೀಕರ್‌ನ ಟ್ರಾನ್ಸ್‌ಫಾರ್ಮರ್ ಬಿಟ್ಟು ನೇರ 8 ಓಮ್ ತುದಿಗೆ ಸೇರಿಸಿದ್ದ. 100 ವೋಲ್ಟಿಗೆ 8 ಓಮ್ ಅಂದ್ರೆ ಅದೊಂದೇ 1250 ವ್ಯಾಟ್ ಕೇಳುತ್ತೆ. ಅಂಗೈಯಗಲದ ಸ್ಪೀಕರು ಸ್ವಾಮಿ.

ಡಿಬಿ_ಮೀಟರ್_ಕುವೆಂಪುನಗರ · 9:22

ಇನ್ನೊಂದು. ಖಾಲಿ ಹಾಲಲ್ಲಿ ಕೇಳಿ ಈಕ್ವಲೈಸರ್ ತಿರುಚ್ತಾ ಕೂರಬೇಡಿ. ನಿಮ್ಮ ಹಾಲ್ 3780 ಘನ ಮೀಟರ್. ಅನುರಣನ ಲೆಕ್ಕ ಮಾಡೋ ಸಾಬೀನ್ ಸೂತ್ರ ಹಾಕಿದ್ರೆ, 3 ಸೆಕೆಂಡ್ ಇದೆ ಅಂದ್ರೆ ಒಳಗೆ ಸುಮಾರು 200 ಚದರ ಮೀಟರ್‌ನಷ್ಟೇ ಹೀರಿಕೆ ಇದೆ ಅಂತ. ಒಬ್ಬ ಮನುಷ್ಯ ಬಂದು ಕೂತ್ರೆ ಹೆಚ್ಚುಕಡಿಮೆ 0.4 ಸೇರುತ್ತೆ. 500 ಜನಕ್ಕೆ ಇನ್ನೊಂದು 200. ಅಲ್ಲಿಗೆ 3 ಸೆಕೆಂಡ್ ಒಂದೂವರೆಗೆ ಇಳೀತು. ಪ್ಯಾನಲ್‌ಗೆ ದುಡ್ಡಿಲ್ಲದ ಕಡೆ ಜನರೇ ಪ್ಯಾನಲ್. ಪರೀಕ್ಷೆ ದಿನ ನಲವತ್ತು ಜನ ಇದ್ದಾಗ ಮಾತ್ರ ದೇವರೇ ಗತಿ.

ವೇದಿಕೆ ಮೇಲೆ ಎಷ್ಟು ಮೈಕ್?

ರ್‍ಯಾಕ್_ರಾತ್ರಿಪಾಳಿ · 9:25

ಮೇಜಿನ ಮೇಲೆ ಎಂಟು ಗೂಸ್‌ನೆಕ್, ಪೋಡಿಯಂನಲ್ಲಿ ಒಂದು. ಎಂಟನ್ನೂ ಆನ್ ಇಟ್ಟಿರಿ, ಗಣ್ಯರಿಗೆ ಬಟನ್ ಒತ್ತೋಕೆ ಬರಲ್ಲ ಅಂದಿದ್ದಾರೆ.

ನೀಲಾ_ಸಿಗ್ನಲ್ · 9:37

ಬೇಡವೇ ಬೇಡ! ತೆರೆದ ಮೈಕ್ ಎರಡು ಪಟ್ಟಾದ ಹಾಗೆಲ್ಲ ಕಿರುಚೋಕೆ ಮುಂಚೆ ಸಿಗೋ ವಾಲ್ಯೂಮ್ 3 ಡೆಸಿಬೆಲ್ ಕಡಿಮೆ ಆಗುತ್ತೆ. ಎಂಟು ಮೈಕ್‌ಗೆ 9 ಡೆಸಿಬೆಲ್ ಕಳ್ಕೊಂಡ್ರಿ. ಡಿಎಸ್‌ಪಿಯಲ್ಲಿ ಆಟೊಮಿಕ್ಸರ್ ಇದ್ದೇ ಇರುತ್ತೆ, ಹಾಕಿ. ಮಾತಾಡೋರ ಮೈಕ್ ಮಾತ್ರ ಏಳುತ್ತೆ. ಮಂತ್ರಿಗಳು ಪಕ್ಕದವರ ಕಿವೀಲಿ ಹೇಳೋದು ಊರಿಗೆಲ್ಲ ಕೇಳೋ ಅಪಾಯವೂ ಸ್ವಲ್ಪ ಕಡಿಮೆ.

ಹಿಂದಿನ_ಬೆಂಚು · 9:39

ಅದನ್ನ ಕೇಳೋಕೇ ಅಲ್ವಾ ನಾವು ಬರೋದು.

ಸರಸ್ವತಿಪುರಂ_ಹಳಬ · 10:10

ವಿಷಯಾಂತರಕ್ಕೆ ಕ್ಷಮೆ ಇರಲಿ. ಮೈಕ್ ಟೆಸ್ಟಿಂಗ್ ಮಾತು ಬಂದಿದ್ದಕ್ಕೆ ನೆನಪಾಯ್ತು. 1935ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲೇ 30 ವ್ಯಾಟ್‌ನ ಒಂದು ಟ್ರಾನ್ಸ್‌ಮಿಟರ್ ಇಟ್ಟುಕೊಂಡು ರೇಡಿಯೊ ಶುರು ಮಾಡಿದ್ರು. ಆ ನಿಲಯಕ್ಕಿದ್ದ ಆಕಾಶವಾಣಿ ಅನ್ನೋ ಹೆಸರೇ ಆಮೇಲೆ ದೇಶಕ್ಕೆಲ್ಲ ಆಯ್ತು. ಅವರ ಮನೆಯಲ್ಲಿ ಗ್ರೌಂಡ್ ಲೂಪ್ ಇತ್ತೋ ಇಲ್ವೋ!

ಮಂಡ್ಯ_ಮೈಕ್‌ಸೆಟ್ · 10:14

ಮೈಸೂರೋರು ಎಲ್ಲೋದ್ರೂವೆ ಮಾರಾಜ್ರ ಕಾಲಕ್ಕೋಗ್ದೆ ಬುಡಾಕಿಲ್ಲ.

ಸರಸ್ವತಿಪುರಂ_ಹಳಬ · 10:16

ಮಂಡ್ಯದೋರು ಜಗಳ ತೆಗೀದೆ ಬಿಡಲ್ಲ. ಲೆಕ್ಕ ಸಮ.

ರ್‍ಯಾಕ್_ರಾತ್ರಿಪಾಳಿ · ಗುರುವಾರ ಸಂಜೆ 6:50

ಸೈಟಿಂದ ಬರೀತಾ ಇದ್ದೀನಿ.

ಡಿಲೇ: ಘಟಕ ಮೀಟರ್‌ಗೆ ಬದಲಾಯಿಸಿ 60, ಮೇಲೆ 12 ಸೇರಿಸಿ 72 ಮಿಲಿಸೆಕೆಂಡ್ ಇಟ್ಟೆ. ಇಬ್ಬರು ವಿದ್ಯಾರ್ಥಿಗಳನ್ನ ಕೊನೇ ಸಾಲಲ್ಲಿ ಕೂರಿಸಿ ಪೇಪರ್ ಓದಿದೆ. ಕಬ್ಬಿನ ಬಾಕಿ ಸುದ್ದಿ ಇತ್ತು. ಎರಡು ಪದ ಬಿಟ್ರೆ ಎಲ್ಲ ಸರಿಯಾಗಿ ಬರೆದಿದ್ದಾರೆ. ಒಬ್ಬಳು ಪೂರ್ತಿ ಬರೆದು, ಕೆಳಗೆ "ಬಾಕಿ ಯಾವಾಗ ಕೊಡ್ತಾರೆ?" ಅಂತ ಸೇರಿಸಿದ್ಲು.

ಗುಂಯ್: ರ್‍ಯಾಕ್ ಬಾಡಿಗೂ ಪೋಡಿಯಂ ಅರ್ತಿಗೂ ಲೈಟ್ ಆಫ್ ಇದ್ದಾಗ 1.9 ವೋಲ್ಟ್, ಆನ್ ಇದ್ದಾಗ 6.8. ಕಾಲೇಜಿನ ಎಲೆಕ್ಟ್ರಿಷಿಯನ್ ಜೊತೆ ಸ್ಟೇಜ್ ಡಿಬಿ ಬಿಚ್ಚಿದ್ವಿ. ವಯರ್‌ಮನ್ ಅಣ್ಣ, ನಿಮ್ಮ ಬಾಯಿಗೆ ಸಕ್ಕರೆ. ನ್ಯೂಟ್ರಲ್ ಬಾರಿಂದ ಅರ್ತ್ ಬಾರಿಗೆ ಒಂದು ಗೇಣು ಹಸಿರು ವಯರ್. ಪಕ್ಕದಲ್ಲಿ ಆರ್‌ಸಿಸಿಬಿ ಸುಮ್ಮನೆ ಶೋಕಿಗೆ ಕೂತಿದೆ, ಒಳಗೆ ಬರೋ ಎರಡೂ ವಯರ್ ಅದನ್ನ ಬಳಸಿಕೊಂಡು ಹೋಗಿವೆ.

ವಯರ್‌ಮನ್_ಮಳವಳ್ಳಿ · 7:02

ನೋಡಿದ್ರಾ. ಜಂಪರ್ ತೆಗೆಯೋ ಮುಂಚೆ ನ್ಯೂಟ್ರಲ್ ಪೂರ್ತಿ ಗಟ್ಟಿ ಇದೆಯಾ ಅಂತ ಖಾತ್ರಿ ಮಾಡ್ಕೊಳ್ಳಿ. ಅದು ಲೂಸ್ ಇದ್ದು ಇದನ್ನ ತೆಗೆದ್ರೆ ಲೈಟಿನ ಗತಿ ಐಸ್‌ಕ್ರೀಂ ಫ್ರೀಜರ್‌ದೇ. ಆಮೇಲೆ ಆರ್‌ಸಿಸಿಬಿ ವಾಪಸ್ ಲೈನಿಗೆ ತನ್ನಿ, ಎರಡು ಅರ್ತ್ ಪಿಟ್‌ನೂ ಪಟ್ಟಿ ಹಾಕಿ ಒಂದು ಮಾಡಿಸಿ. ಅರ್ತಿಂಗ್‌ನ ಸ್ಟ್ಯಾಂಡರ್ಡ್ ಐಎಸ್ 3043 ತೆಗೆದು ಅವರಿಗೆ ತೋರಿಸಿ, ಬಾಯಿಮಾತಿಗೆ ಮಾಡಲ್ಲ.

ನೀಲಾ_ಸಿಗ್ನಲ್ · 7:11

ಪೋಡಿಯಂ ಸಾಕೆಟ್‌ಗೆ ರ್‍ಯಾಕ್‌ನ ಯುಪಿಎಸ್ ಲೈನಿಂದಲೇ ಒಂದು ಹೊಸ ಎಳೆ ತಂದುಬಿಡಿ, ಅದೇ ಅರ್ತ್ ಸಮೇತ. ಆಡಿಯೊ ಇರೋದೆಲ್ಲ ಒಂದೇ ಮನೆಯವರ ಹಾಗೆ ಇರಬೇಕು.

ರ್‍ಯಾಕ್_ರಾತ್ರಿಪಾಳಿ · ಶುಕ್ರವಾರ ರಾತ್ರಿ 9:35

ನ್ಯೂಟ್ರಲ್ ಟರ್ಮಿನಲ್ ಸುಟ್ಟು ಕಪ್ಪಾಗಿತ್ತು, ಬದಲಾಯಿಸಿದ್ರು. ಜಂಪರ್ ತೆಗೆದಾಯ್ತು, ಆರ್‌ಸಿಸಿಬಿ ಲೈನಲ್ಲಿದೆ, ಬಿದ್ದಿಲ್ಲ. ಪೋಡಿಯಂಗೆ ಯುಪಿಎಸ್ ಎಳೆ ಬಂತು. ಈಗ 0.2 ವೋಲ್ಟ್, ಎಲ್ಲ ಲೈಟ್ ಆನ್ ಇದ್ರೂ ಸ್ಪೀಕರ್ ಮುಂದೆ ಕಿವಿ ಇಟ್ರೆ ಮಾತ್ರ ಸಣ್ಣ ಸುಯ್. ಅರ್ತ್ ಪಿಟ್ ಜೋಡಿಸೋದು ಮುಂದಿನ ವಾರ ಅಂದಿದ್ದಾರೆ, ಬರೆಸ್ಕೊಂಡಿದ್ದೀನಿ.

ಪ್ರಿನ್ಸಿಪಾಲರು ಕೊನೇ ಸಾಲಲ್ಲಿ ಹತ್ತು ನಿಮಿಷ ಕೂತು ಕೇಳಿದ್ರು. "ಗಿಳಿ ಹಾರಿಹೋಯ್ತು" ಅಂದ್ರು. ಸಹಿ ಮಾತ್ರ ಸೋಮವಾರವಂತೆ.

ಕ್ಲೈಂಟ್_ಕಡೆಯವಳು · 9:41

ಬೀಗದ ಕೈ?

ರ್‍ಯಾಕ್_ರಾತ್ರಿಪಾಳಿ · 9:42

ಕೊಟ್ಟೆ ಮೇಡಂ. ಎರಡು ಸೆಟ್.

ಮಂಡ್ಯ_ಮೈಕ್‌ಸೆಟ್ · 9:50

ಸೋಮಾರ ಸಹಿ ತಕ್ಕಂಡ್ ಬರುವಾಗ ಮದ್ದೂರು ವಡೆ ಕಟ್ಟುಸ್ಕಂಡ್ ಬಾ. ಮಳವಳ್ಳಿಯೋನಿಗೆ ಎರಡು, ಆ ತಾಯಿಗೆ ಎರಡು. ಸೀನುಂಗೆ ಬ್ಯಾಡ.

ರ್‍ಯಾಕ್_ರಾತ್ರಿಪಾಳಿ · 9:52

ಅಣ್ಣ, ಮದ್ದೂರು ಮಂಡ್ಯದಿಂದ ಆ ಕಡೆ, ನಾನು ಬರೋದು ಈ ಕಡೆ.

ಮಂಡ್ಯ_ಮೈಕ್‌ಸೆಟ್ · 9:53

ಗೊತ್ತು ಕಣ್ಲಾ. ಅಡಿಯೋ ಮೀಟ್ರೋ ಅಂತ ಈಗ್ಲಾರ ನೋಡ್ತಿಯಾ ಅಂತ ಕೇಳ್ದೆ.

ಶಾರ್ಟ್‌ಕಟ್_ಸೀನ · 10:05

ನನ್ನದೂ ಒಂದು ಪ್ರಶ್ನೆ. ನಮ್ಮ ಛತ್ರದ ವೈರ್‌ಲೆಸ್ ಮೈಕ್ ಮೊದಲೆಲ್ಲ ಚೆನ್ನಾಗಿತ್ತು, ಒಂದೆರಡು ವರ್ಷದಿಂದ ಮಾತಿನ ಮಧ್ಯೆ ಚರ್ ಅಂತ ಕಟ್ ಆಗುತ್ತೆ. ಮೇಲೆ 760 ಮೆಗಾಹರ್ಟ್ಸ್ ಅಂತ ಬರೆದಿದೆ. ಬ್ಯಾಟರಿ ಬದಲಾಯಿಸಿದೆ, ಆಂಟೆನಾ ಬಗ್ಗಿಸಿ ನೋಡಿದೆ.

ಡಿಬಿ_ಮೀಟರ್_ಕುವೆಂಪುನಗರ · 10:09

ಆ 700 ಮೆಗಾಹರ್ಟ್ಸ್ ಪಟ್ಟಿ 2022ರಲ್ಲೇ ಹರಾಜಾಗಿ ಮೊಬೈಲ್‌ನವರ ಪಾಲಾಗಿದೆ. ಟವರ್ ಜೊತೆ ನೀವು ಜಗಳ ಆಡೋಕಾಗಲ್ಲ. ಬೇರೆ ಚರ್ಚೆ ಶುರು ಮಾಡಿ, ಹತ್ತಿರದಲ್ಲಿ ಎಷ್ಟು ಮೈಕ್ ಒಟ್ಟಿಗೆ ಓಡ್ತವೆ, ಯಾವ ಯಾವ ಫ್ರೀಕ್ವೆನ್ಸಿ ಅಂತ ಬರೆದು ಹಾಕಿ. ಪಿನ್ ಏನೂ ಕತ್ತರಿಸಬೇಡಿ ಅಲ್ಲಿವರೆಗೆ.